ಗರ್ಭಕೋಶದಲ್ಲಿ ಪಾಲಿಪ್: ಗರ್ಭಕೋಶವನ್ನೇ ತೆಗೆಸುವ ಮುಂಚೆ ಮಾಡಬೇಕಾದ ಕೆಲಸಗಳು

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಪಾಲಿಪ್’ (ಗರ್ಭಕೋಶದ ಒಳಪದರದ ಒಂದು ಬೆಳವಣಿಗೆ) ಅಂತ ಬರೆದಿದೆಯಾ? ಹಾಗಾದರೆ ಮೊದಲು ಗೋಡೆಯ ಕ್ಯಾಲೆಂಡರ್ ಮುಂದೆ ನಿಲ್ಲಿ. ಸ್ಕ್ಯಾನ್ ಮಾಡಿಸಿದ್ದು ನಿಮ್ಮ ಮುಟ್ಟು ಶುರುವಾದ ದಿನದಿಂದ ಎಷ್ಟನೇ ದಿನ ಅಂತ ಎಣಿಸಿ. ಈ ಸಣ್ಣ ಲೆಕ್ಕವನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನನಗೆ ಆಗ 43 ವರ್ಷ. ತಿಂಗಳ ನಡುವೆ ರಕ್ತ ಕಾಣಿಸಿಕೊಳ್ಳುತ್ತಿತ್ತು. ದಾವಣಗೆರೆಯ ಒಂದು ನರ್ಸಿಂಗ್ ಹೋಮಿಗೆ ಹೋದೆ. ಮುಟ್ಟಾಗಿ 22ನೇ ದಿನ ಅದು. ಸ್ಕ್ಯಾನ್ ನೋಡಿದ ಡಾಕ್ಟರು, “ಒಳಪದರ ದಪ್ಪ ಇದೆ, ಪಾಲಿಪ್ ಇರಬಹುದು. ಹೇಗೂ ಎರಡು ಮಕ್ಕಳಾಗಿವೆಯಲ್ಲಮ್ಮ, ಗರ್ಭಕೋಶ ತೆಗೆದುಬಿಡೋಣ” ಎಂದರು. ಮುಂದಿನ ವಾರಕ್ಕೆ ಡೇಟೂ ಕೊಟ್ಟರು. ಮನೆಗೆ ಬಂದರೆ ಅವ್ವನಿಗೆ ಕ್ಯಾನ್ಸರ್ ಅಂತಲೇ ಭಯ. ಹರಿಹರದ ಚಿಕ್ಕಮ್ಮ ಫೋನಿನಲ್ಲಿ, “ನಾನೂ 36ಕ್ಕೇ ತೆಗೆಸಿಲ್ವೇನೇ, ತೆಗೆಸಿಬಿಡು, ಕಾಟ ತಪ್ಪುತ್ತೆ” ಎಂದರು.

ಆ ಡೇಟಿಗೆ ನಾನು ಹೋಗಲಿಲ್ಲ. ಮುಂದಿನ ಮುಟ್ಟು ನಿಂತ ಮೇಲೆ, 7ನೇ ದಿನ, ಬೇರೆ ಕಡೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದೆ. 14 ಮಿಲಿಮೀಟರಿನ ಒಂದೇ ಒಂದು ಪಾಲಿಪ್ ಸ್ಪಷ್ಟವಾಗಿ ಕಂಡಿತು. ಕೊನೆಗೆ ಅದನ್ನಷ್ಟೇ ತೆಗೆಸಲು ಒಂದು ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆ, ಸಂಜೆ ಮನೆಗೆ ಬಂದೆ. ಹೊಟ್ಟೆಯ ಮೇಲೆ ಒಂದು ಹೊಲಿಗೆ ಕೂಡ ಇಲ್ಲ. ಗರ್ಭಕೋಶ ಇದ್ದಲ್ಲೇ ಇದೆ.

ನಾನು ಡಾಕ್ಟರ್ ಅಲ್ಲ. ನನ್ನ ಡಾಕ್ಟರ್ ಮೇಡಂ ಬಿಡಿಸಿ ಹೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಇದು ಉಪಯೋಗಕ್ಕೆ ಬರಲಿ.

ಮೊದಲು, ಇದು ಏನು ಅಂತ ತಿಳಿಯಿರಿ

ಗರ್ಭಕೋಶದ ಒಳಗೋಡೆಗೆ ಮೆತ್ತನೆಯ ಒಂದು ಪದರ ಇರುತ್ತದೆ. ಪ್ರತಿ ತಿಂಗಳು ಬೆಳೆದು ಮುಟ್ಟಿನಲ್ಲಿ ಹೊರಗೆ ಹೋಗುವುದು ಇದೇ. ಈ ಪದರ ಒಂದು ಕಡೆ ಮಾತ್ರ ಜಾಸ್ತಿ ಬೆಳೆದು ಒಳಗೆ ಜೋತುಬಿದ್ದರೆ ಅದು ಪಾಲಿಪ್. ಕೆಲವಕ್ಕೆ ತೊಟ್ಟಿರುತ್ತದೆ, ಕೆಲವು ಗೋಡೆಗೇ ಅಂಟಿಕೊಂಡಿರುತ್ತವೆ. ಎಳ್ಳಿನ ಕಾಳಿನಷ್ಟೂ ಇರಬಹುದು, ನಿಂಬೆಹಣ್ಣಿನಷ್ಟೂ ಇರಬಹುದು.

ನಮ್ಮ ಕಡೆ ಎಲ್ಲದಕ್ಕೂ ‘ಗಡ್ಡೆ’ ಅಂದುಬಿಡುತ್ತಾರೆ. ಆದರೆ ಗಡ್ಡೆ ಅಂದರೆ ಫೈಬ್ರಾಯ್ಡ್. ಅದು ಗರ್ಭಕೋಶದ ಸ್ನಾಯುವಿನಿಂದ ಬೆಳೆಯುತ್ತದೆ, ಅದರ ಚಿಕಿತ್ಸೆಯೇ ಬೇರೆ. ಪಕ್ಕದ ಮನೆಯ ಅಕ್ಕನಿಗೆ ಗಡ್ಡೆಗೆ ಏನು ಮಾಡಿದರು ಅನ್ನುವುದು ನಿಮ್ಮ ಪಾಲಿಪ್‌ಗೆ ಅನ್ವಯಿಸುವುದಿಲ್ಲ. ಇದನ್ನು ಮನೆಯವರಿಗೂ ಹೇಳಿ. ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ನೂರರಲ್ಲಿ ಸುಮಾರು 95 ಪಾಲಿಪ್‌ಗಳು ಕ್ಯಾನ್ಸರ್ ಅಲ್ಲ. 40 ದಾಟಿದವರಲ್ಲಿ, ತೂಕ ಜಾಸ್ತಿ ಇರುವವರಲ್ಲಿ, ಬಿಪಿ ಇರುವವರಲ್ಲಿ, ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪಾಲಿಪ್ ಹೆಚ್ಚು ಕಾಣುತ್ತದೆ. ಎಷ್ಟೋ ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿಬಿಡುತ್ತದೆ.

ಹೆಜ್ಜೆ 1: ಸರಿಯಾದ ದಿನ ಮತ್ತೆ ಸ್ಕ್ಯಾನ್ ಮಾಡಿಸಿ

ಮುಟ್ಟಿಗೆ ಇನ್ನೇನು ಒಂದು ವಾರ ಇದೆ ಅನ್ನುವಾಗ ಒಳಪದರ ಎಲ್ಲರಿಗೂ ದಪ್ಪಗೇ ಇರುತ್ತದೆ. ಆ ದಪ್ಪವೇ ಪಾಲಿಪ್ ತರಹ ಕಾಣಬಹುದು. ನಿಜವಾದ ಪಾಲಿಪ್ ಅದರೊಳಗೆ ಮುಚ್ಚಿಹೋಗಲೂಬಹುದು. ಮುಟ್ಟು ನಿಂತ ತಕ್ಷಣ ಪದರ ತೆಳ್ಳಗಿರುತ್ತದೆ. ಹಾಗಾಗಿ 10ನೇ ದಿನದ ಒಳಗೆ, ರಕ್ತ ನಿಂತ ಮೇಲೆ ಮಾಡಿಸಿದ ಸ್ಕ್ಯಾನ್ ನಂಬಬಹುದಾದದ್ದು. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಹೀಗೆ ಎರಡನೇ ಸಲ ನೋಡಿದಾಗ ಪಾಲಿಪ್ ಇರಲೇ ಇಲ್ಲ.

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಗಿಂತ ಯೋನಿಯ ಮೂಲಕ ಮಾಡುವ ‘ಒಳಗಿನ ಸ್ಕ್ಯಾನ್’ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮುಜುಗರ ಆಗುತ್ತದೆ, ನಿಜ. ನೋವು ಅಷ್ಟೇನೂ ಇರುವುದಿಲ್ಲ. ಮಹಿಳಾ ಡಾಕ್ಟರೇ ಮಾಡಲಿ ಅಂತ ಕೇಳಬಹುದು, ಜೊತೆಗೆ ನರ್ಸ್ ಇರಲಿ ಅಂತಲೂ ಕೇಳಬಹುದು. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆ ಮೇಲಿಂದಲೇ ಮಾಡುತ್ತಾರೆ. ಅದಕ್ಕೆ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ಇನ್ನೂ ಅನುಮಾನ ಉಳಿದರೆ ಗರ್ಭಕೋಶದೊಳಗೆ ಸ್ವಲ್ಪ ಸಲೈನ್ ನೀರು ಬಿಟ್ಟು ಸ್ಕ್ಯಾನ್ ಮಾಡುವ ವಿಧಾನವೂ ಇದೆ.

ಮುಟ್ಟು ನಿಂತು ವರ್ಷ ಆದವರಿಗೆ ಈ ದಿನದ ಲೆಕ್ಕ ಇಲ್ಲ. ಅವರಿಗೆ ಒಂದು ಹನಿ ರಕ್ತ ಕಂಡರೂ ಕಾಯಬಾರದು. ಅದೇ ವಾರ ತೋರಿಸಬೇಕು. ಉಷ್ಣಕ್ಕೆ ಆಗಿದೆ, ಕೆಲಸ ಜಾಸ್ತಿಯಾಗಿ ಆಗಿದೆ ಅಂತ ಎಳನೀರು ಕುಡಿದು ಸುಮ್ನೆ ಇರಬೇಡಿ. ಈ ಮಾತನ್ನು ನಿಮ್ಮ ಅವ್ವನಿಗೆ, ಅತ್ತೆಗೆ, ದೊಡ್ಡಮ್ಮನಿಗೆ ದಯವಿಟ್ಟು ನೀವೇ ಹೇಳಿ. ಅವರಾಗಿಯೇ ಬಾಯಿಬಿಡುವುದಿಲ್ಲ.

ಹೆಜ್ಜೆ 2: ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಒಪಿಡಿಯಲ್ಲಿ ಐದು ನಿಮಿಷವೂ ಸಿಗುವುದಿಲ್ಲ. ಹೇಳಬೇಕಾದ್ದು ಮರೆತೇ ಹೋಗುತ್ತದೆ. ಕಳೆದ ಮೂರು ತಿಂಗಳು ಯಾವ ಯಾವ ದಿನ ರಕ್ತ ಹೋಯಿತು, ದಿನಕ್ಕೆ ಎಷ್ಟು ಪ್ಯಾಡ್, ರಕ್ತ ಹೆಪ್ಪುಗಟ್ಟಿ ಗೆಡ್ಡೆಗೆಡ್ಡೆಯಾಗಿ ಹೋಯಿತಾ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡಿತಾ, ಇಷ್ಟನ್ನು ಬರೆಯಿರಿ. ಬಿಪಿ, ಶುಗರ್, ಥೈರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ಇದ್ದರೆ ಹೆಸರು ಬರೆಯಿರಿ, ಇಲ್ಲದಿದ್ದರೆ ಮಾತ್ರೆಯ ಹಾಳೆಯನ್ನೇ ತೆಗೆದುಕೊಂಡು ಹೋಗಿ. ಮುಂದೆ ಮಕ್ಕಳು ಬೇಕಾ ಅನ್ನುವುದನ್ನೂ ತಪ್ಪದೆ ಹೇಳಿ. ಚಿಕಿತ್ಸೆ ಅದರ ಮೇಲೆ ಬದಲಾಗುತ್ತದೆ.

ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನನಗೆ 8.6 ಇತ್ತು. ಮಾಳಿಗೆ ಹತ್ತಿದರೆ ಏದುಸಿರು ಬರುತ್ತಿತ್ತು, ವಯಸ್ಸಾಯಿತು ಅಂದುಕೊಂಡಿದ್ದೆ. ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನು ಟೀ ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು.

ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ತಲೆ ಸುತ್ತಿ ಬೀಳುವ ಹಾಗಾದರೆ ಈ ಹೆಜ್ಜೆಗಳನ್ನೆಲ್ಲ ಬಿಡಿ. ನೇರ ಆಸ್ಪತ್ರೆಗೆ ಹೋಗಿ.

ಹೆಜ್ಜೆ 3: ಎಲ್ಲಿಗೆ ಹೋಗುವುದು

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ನಿಮ್ಮಲ್ಲಿ ಹಿಸ್ಟರೋಸ್ಕೋಪಿ ಮಾಡುತ್ತೀರಾ?” ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆಯನ್ನು ಗರ್ಭಕೋಶದೊಳಗೆ ಹಾಕಿ ನೋಡಿ, ಪಾಲಿಪ್ ತೆಗೆಯುವ ವಿಧಾನ ಇದು. ಇದು ಇಲ್ಲದ ಕಡೆ ನಿಮಗೆ ಸಿಗುವ ಸಲಹೆಯೂ ಬೇರೆಯಾಗಬಹುದು. ಇದು ನನ್ನ ಅನಿಸಿಕೆ.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಜೆಜೆಎಂ ಮೆಡಿಕಲ್ ಕಾಲೇಜಿನ ಬಾಪೂಜಿ ಆಸ್ಪತ್ರೆ ಇದೆ, ಎಸ್ಎಸ್ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು ಇವೆ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಬಸ್ಸು ಹತ್ತಿ ಬರುವವರು ಮೊದಲು ಫೋನ್ ಮಾಡಿ, ಸ್ತ್ರೀರೋಗ ವಿಭಾಗದ ಒಪಿಡಿ ಯಾವ ದಿನ, ಹಿಸ್ಟರೋಸ್ಕೋಪಿ ಇದೆಯಾ ಅಂತ ಕೇಳಿಕೊಂಡು ಹೊರಡಿ. ಒಂದು ದಿನದ ಕೂಲಿ ಉಳಿಯುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಚೀಟಿ ಕೇಳಿ. ನಿಮ್ಮ ಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಹತ್ತಿರ ಕೇಳಿಯೇ ಅಡ್ಮಿಟ್ ಆಗಿ. ಕೈಯಿಂದ ದುಡ್ಡು ಕಟ್ಟುವವರು ಹೇಳಿದ ಮೊತ್ತದಲ್ಲಿ ಅರಿವಳಿಕೆ, ಆಪರೇಷನ್ ಥಿಯೇಟರ್, ಲ್ಯಾಬ್ ಪರೀಕ್ಷೆ ಮೂರೂ ಸೇರಿವೆಯಾ ಅಂತ ಕೇಳಿ.

ಹೆಜ್ಜೆ 4: ಯಾವ ದಾರಿ ನಿಮಗೆ ಸರಿ

ದಾರಿಗಳು ಇರುವುದು ನಾಲ್ಕು. ಕಾಯುವುದು, ಮಾತ್ರೆ, ಪಾಲಿಪ್ ಮಾತ್ರ ತೆಗೆಯುವುದು, ಗರ್ಭಕೋಶವನ್ನೇ ತೆಗೆಯುವುದು. ನಾಲ್ಕನೆಯದನ್ನು ಮೊದಲು ಹೇಳುವವರು ನಮ್ಮಲ್ಲಿ ಜಾಸ್ತಿ.

ಕಾಯುವುದು ಅಂದರೆ ಏನೂ ಮಾಡದೆ ಕೂರುವುದಲ್ಲ. ಮುಟ್ಟು ಇನ್ನೂ ಬರುತ್ತಿದೆ, ಪಾಲಿಪ್ 1 ಸೆಂಟಿಮೀಟರಿಗಿಂತ ಚಿಕ್ಕದು, ರಕ್ತಸ್ರಾವದ ತೊಂದರೆ ಇಲ್ಲ, ಸದ್ಯ ಮಗುವಿಗೆ ಪ್ರಯತ್ನಿಸುತ್ತಿಲ್ಲ. ಇಂಥವರು ಕಾಯಬಹುದು. ಸಣ್ಣ ಪಾಲಿಪ್‌ಗಳಲ್ಲಿ ನಾಲ್ಕರಲ್ಲಿ ಒಂದರಷ್ಟು ತಾವಾಗಿಯೇ ಹೋಗಿಬಿಡುತ್ತವೆ. ಮತ್ತೆ ಯಾವಾಗ ಸ್ಕ್ಯಾನ್ ಅಂತ ತಾರೀಖು ಕೇಳಿ ಬರೆಸಿಕೊಳ್ಳಿ. ಕಷಾಯ ಕುಡಿದು, ಬೇರು ಅರೆದು ಕುಡಿದು ಪಾಲಿಪ್ ಕರಗಿತು ಅಂತ ಹೇಳುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ತಾನಾಗಿಯೇ ಹೋಗುವ ಪಾಲಿಪ್ ಹೋಗಿರುತ್ತದೆ, ಹೆಸರು ಕಷಾಯಕ್ಕೆ ಬಂದಿರುತ್ತದೆ. ಪಾಲಿಪ್ ಕರಗಿಸುತ್ತದೆ ಅಂತ ಸಾಬೀತಾದ ಮನೆಮದ್ದು ಯಾವುದೂ ಇಲ್ಲ. ರಕ್ತ ಹೋಗುತ್ತಿರುವಾಗ ಅದನ್ನು ನಂಬಿ ತಿಂಗಳುಗಟ್ಟಲೆ ಕಳೆಯಬೇಡಿ.

ಮಾತ್ರೆಯ ಕೆಲಸ ಸೀಮಿತ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ರಕ್ತ ಹೋಗುವುದನ್ನು ಕಡಿಮೆ ಮಾಡುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನ್ ಮಾತ್ರೆಯೂ ಸ್ವಲ್ಪ ದಿನ ಹಿಡಿದಿಡುತ್ತದೆ. ಮಾತ್ರೆ ಬಿಟ್ಟರೆ ಮತ್ತೆ ಶುರು, ಏಕೆಂದರೆ ಪಾಲಿಪ್ ಅಲ್ಲೇ ಇದೆ. ಆಪರೇಷನ್ ಡೇಟ್ ಬರುವವರೆಗೆ, ಹಿಮೋಗ್ಲೋಬಿನ್ ಏರುವವರೆಗೆ ತಡೆಯಲು ಇವು ಬೇಕು. ನನಗೂ ಆರು ವಾರ ಹಾಗೇ ಕೊಟ್ಟರು. ವರ್ಷಗಟ್ಟಲೆ ಬರೀ ಮಾತ್ರೆ ನುಂಗುತ್ತಿದ್ದರೆ ಮಾತ್ರ, ಯಾಕೆ ಅಂತ ಕೇಳಿ.

ತೊಂದರೆ ಕೊಡುತ್ತಿರುವ ಪಾಲಿಪ್‌ಗೆ ಸರಿಯಾದ ಚಿಕಿತ್ಸೆ ಅದನ್ನು ಹಿಸ್ಟರೋಸ್ಕೋಪಿಯಲ್ಲಿ ತೆಗೆಯುವುದು. ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡವರಿಗೂ ಇದೇ. ಮಗು ಆಗದೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರಿಗೂ ಇದನ್ನೇ ಹೇಳುತ್ತಾರೆ. ಸ್ಪೇನಿನಲ್ಲಿ 215 ಹೆಂಗಸರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐಯುಐಗೆ (ವೀರ್ಯವನ್ನು ನೇರ ಗರ್ಭಕೋಶದೊಳಗೆ ಬಿಡುವ ಚಿಕಿತ್ಸೆಗೆ) ಮುಂಚೆ ಪಾಲಿಪ್ ತೆಗೆಸಿಕೊಂಡವರಲ್ಲಿ ಗರ್ಭ ನಿಂತದ್ದು ಉಳಿದವರ ಎರಡರಷ್ಟು. ಹಾಗಂತ ಮಗು ಆಗದಿರುವುದಕ್ಕೆ ಪಾಲಿಪ್ ಒಂದೇ ಕಾರಣ ಅಂದುಕೊಳ್ಳಬೇಡಿ. ಗಂಡನ ವೀರ್ಯ ಪರೀಕ್ಷೆಯೂ ಆಗಿರಬೇಕು, ಅಲ್ವಾ?

ಇಲ್ಲಿ ಒಂದು ಮಾತಿಗೆ ಕಿವಿಗೊಡಿ. “ಗರ್ಭಕೋಶ ಕ್ಲೀನ್ ಮಾಡೋಣ” ಅಂದರೆ, ಅದು ಡಿ ಅಂಡ್ ಸಿ ನಾ, ಹಿಸ್ಟರೋಸ್ಕೋಪಿ ನಾ ಅಂತ ಕೇಳಿ. ಡಿ ಅಂಡ್ ಸಿಯಲ್ಲಿ ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಅಂದಾಜಿನಲ್ಲಿ ಕೆರೆಯುತ್ತಾರೆ. ಪಾಲಿಪ್ ಅರ್ಧ ಉಳಿಯಬಹುದು, ಪೂರ್ತಿ ತಪ್ಪಿಸಿಕೊಳ್ಳಲೂಬಹುದು. ಪಾಲಿಪ್‌ಗೆ ಅದು ಸಾಲದು.

ಇನ್ನು ಗರ್ಭಕೋಶ ತೆಗೆಸುವುದು. ಸಾಮಾನ್ಯ ಪಾಲಿಪ್‌ಗೆ ಅದು ಬೇಕಾಗುವುದಿಲ್ಲ. ಮಕ್ಕಳಾಗಿವೆ ಅನ್ನುವುದು ಒಂದು ಅಂಗ ತೆಗೆಯುವುದಕ್ಕೆ ಕಾರಣವಲ್ಲ. ಅದು ದೊಡ್ಡ ಆಪರೇಷನ್, ವಾರಗಟ್ಟಲೆ ಭಾರ ಎತ್ತುವ ಹಾಗಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮರುದಿನದಿಂದಲೇ ಮುಟ್ಟು ನಿಂತ ಸ್ಥಿತಿ. ಮೈ ಬಿಸಿಯಾಗುವುದು, ನಿದ್ದೆ ಬಾರದಿರುವುದು, ಮೂಳೆ ಸವೆಯುವುದು ಎಲ್ಲ ಬೇಗ ಬರುತ್ತವೆ. ಅಂಡಾಶಯ ಉಳಿಸಿದರೂ ಅದು ಸ್ವಲ್ಪ ಮುಂಚೆ ಕೆಲಸ ನಿಲ್ಲಿಸಬಹುದು. ಬೇಡದ ಗರ್ಭಕೋಶದ ಆಪರೇಷನ್‌ಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಕೊಟ್ಟಿದೆ. ಅದನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ಬಡ ಹೆಂಗಸರ, ಹಳ್ಳಿ ಹೆಂಗಸರ ಗರ್ಭಕೋಶವನ್ನು ಬೇಡದಿದ್ದರೂ ತೆಗೆದ ಕಥೆಗಳು ಆ ಕೋರ್ಟಿನವರೆಗೆ ಹೋಗಿದ್ದವು. ಆದ್ದರಿಂದ “ಮೇಡಂ, ಪಾಲಿಪ್ ಮಾತ್ರ ತೆಗೆದರೆ ಸಾಲದಾ? ಯಾಕೆ ಸಾಲದು?” ಅಂತ ಕೇಳಲು ಹಿಂಜರಿಯಬೇಡಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೊಬ್ಬರ ಅಭಿಪ್ರಾಯ ಕೇಳುವುದಕ್ಕೆ ನಿಮ್ಮ ರಿಪೋರ್ಟುಗಳನ್ನು ತೆಗೆದುಕೊಂಡು ಹೋಗುವ ಹಕ್ಕು ನಿಮಗಿದೆ.

ಗರ್ಭಕೋಶದ ಬಾಯಲ್ಲಿ ಬೆಳೆಯುವ ಪಾಲಿಪ್ ಬೇರೆ. ಅದು ಹೊರಗೇ ಕಾಣುತ್ತದೆ. ತೊಟ್ಟು ತೆಳ್ಳಗಿದ್ದರೆ ಒಪಿಡಿಯಲ್ಲೇ ತಿರುವಿ ತೆಗೆಯುತ್ತಾರೆ.

ಹೆಜ್ಜೆ 5: ತೆಗೆಸುವ ದಿನ

ಆ ತಿಂಗಳ ಮುಟ್ಟು ಮುಗಿದ ಮೇಲಿನ ಕೆಲವೇ ದಿನಗಳಲ್ಲಿ ಡೇಟ್ ಕೊಡುತ್ತಾರೆ. ಬಸಿರಿನ ಅನುಮಾನ ಇದ್ದರೆ ಮೊದಲೇ ಹೇಳಿ. ಅರಿವಳಿಕೆ ಕೊಡುವುದಾದರೆ ಊಟ ಮಾಡಿ 6 ಗಂಟೆಯಾದರೂ ಆಗಿರಬೇಕು. ಶುಗರ್ ಮಾತ್ರೆ, ಆಸ್ಪಿರಿನ್ ತರಹದ ಮಾತ್ರೆ ಆ ದಿನ ತೆಗೆದುಕೊಳ್ಳಬೇಕಾ ಬೇಡವಾ ಅಂತ ಹಿಂದಿನ ಭೇಟಿಯಲ್ಲೇ ಕೇಳಿಕೊಳ್ಳಿ. ಬಳೆ, ಮೂಗುತಿ, ಕಾಲುಂಗುರ ತೆಗೆಸುತ್ತಾರೆ. ತಾಳಿಯನ್ನೂ ಬಿಚ್ಚಿ ಅಂದಾಗ ನನಗೆ ಕಸಿವಿಸಿಯಾಯಿತು, ಅಕ್ಕನ ಕೈಗೆ ಕೊಟ್ಟು ಒಳಗೆ ಹೋದೆ. ಹಿಂದಿನ ರಾತ್ರಿಯೇ ಮನಸ್ಸು ಸಿದ್ಧ ಮಾಡಿಕೊಂಡಿರಿ. ಜೊತೆಗೊಬ್ಬರು ಬೇಕೇ ಬೇಕು.

ಒಳಗೆ ನಡೆಯುವುದು ಇಷ್ಟು. ಕಾಲು ಮಡಿಸಿ ಮಲಗಿಸುತ್ತಾರೆ. ಯೋನಿಯ ದಾರಿಯಿಂದಲೇ ತೆಳ್ಳನೆಯ ಕ್ಯಾಮೆರಾ ಹಾಕುತ್ತಾರೆ. ಸಲೈನ್ ಬಿಟ್ಟು ಗರ್ಭಕೋಶವನ್ನು ಸ್ವಲ್ಪ ಅಗಲ ಮಾಡಿ, ಟಿವಿಯಲ್ಲಿ ನೋಡುತ್ತಾ ಪಾಲಿಪ್ ಅನ್ನು ಬುಡದಿಂದ ಕತ್ತರಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ತೀರಾ ಚಿಕ್ಕದಾದರೆ ಅರಿವಳಿಕೆಯಿಲ್ಲದೆ ಮಾಡುವವರೂ ಇದ್ದಾರೆ. ಗರ್ಭಕೋಶಕ್ಕೆ ತೂತಾಗುವುದು, ಸೋಂಕು, ಜಾಸ್ತಿ ರಕ್ತ, ಇಂಥ ಅಪಾಯಗಳು ಇವೆ, ಆದರೆ ಅಪರೂಪ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಅದರಲ್ಲಿ ಯಾವ ಆಪರೇಷನ್ ಹೆಸರು ಬರೆದಿದೆ ಅಂತ ಓದಿಸಿಕೊಳ್ಳಿ. ಓದಲು ಬಾರದ ಅವ್ವಂದಿರ ಜೊತೆ ಹೋದವರ ಕೆಲಸ ಇದು.

ಮನೆಗೆ ಬಂದ ಮೇಲೆ ಒಂದೆರಡು ದಿನ ಮುಟ್ಟಿನ ನೋವಿನ ಹಾಗೆ ಕಿಬ್ಬೊಟ್ಟೆ ಹಿಡಿಯುತ್ತದೆ. ಸ್ವಲ್ಪ ರಕ್ತ, ಕೆಂಪು ನೀರು ಕೆಲವು ದಿನ ಹೋಗುತ್ತದೆ. ಪ್ಯಾಡ್ ಮಾತ್ರ ಬಳಸಿ. ಒಂದು ವಾರ, ರಕ್ತ ಪೂರ್ತಿ ನಿಲ್ಲುವವರೆಗೆ ಗಂಡನ ಜೊತೆ ಸೇರುವುದು ಬೇಡ. ಊಟಕ್ಕೆ ಪಥ್ಯ ಇಲ್ಲ. ನಾನು ಮೂರನೇ ದಿನ ಕೆಲಸಕ್ಕೆ ಹೋದೆ. ಜ್ವರ, ಕೆಟ್ಟ ವಾಸನೆಯ ಸ್ರಾವ, ಜಾಸ್ತಿಯಾಗುತ್ತಾ ಹೋಗುವ ಹೊಟ್ಟೆನೋವು, ಪ್ಯಾಡ್ ಮೇಲೆ ಪ್ಯಾಡ್ ನೆನೆಯುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ.

ಹೆಜ್ಜೆ 6: ತುಣುಕು ಲ್ಯಾಬಿಗೆ ಹೋಗಲೇಬೇಕು

ತೆಗೆದ ಪಾಲಿಪ್ ಅನ್ನು ಬಯಾಪ್ಸಿಗೆ ಕಳಿಸಬೇಕು. ಬರಿಗಣ್ಣಿಗೆ ಚೆನ್ನಾಗಿಯೇ ಕಂಡರೂ ಕಳಿಸಬೇಕು. ಕೆಲವು ಕಡೆ ಬಾಟಲಿಯನ್ನು ನಿಮ್ಮ ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕೊಡಿ ಅನ್ನುತ್ತಾರೆ. ಆಗ ಅದನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಅದೇ ದಿನ ಕೊಟ್ಟು, ರಸೀದಿ ಇಸಿದುಕೊಳ್ಳಿ. ರಿಪೋರ್ಟ್ ಯಾವತ್ತು ಸಿಗುತ್ತದೆ ಅಂತ ಕೇಳಿ, ಆ ದಿನ ಹೋಗಿ ತನ್ನಿ. ದುಡ್ಡು ಉಳಿಸಲು ಈ ಹೆಜ್ಜೆ ಬಿಡುವವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ರಿಪೋರ್ಟಿನಲ್ಲಿ ‘ಬಿನೈನ್’ ಅಂತ ಇದ್ದರೆ ಕ್ಯಾನ್ಸರ್ ಅಲ್ಲ ಅಂತ ಅರ್ಥ. ‘ಅಟಿಪಿಯಾ’ ಅನ್ನುವ ಪದ ಕಂಡರೆ ಅದರ ಹಿಂದಿನ ಪದ ನೋಡಿ. ಅಟಿಪಿಯಾ ಇಲ್ಲ ಅಂತಿದ್ದರೆ ಒಳ್ಳೆಯದು. ಇದೆ ಅಂತಿದ್ದರೆ ಕೋಶಗಳು ಕ್ಯಾನ್ಸರಿನ ಕಡೆ ತಿರುಗುವ ಲಕ್ಷಣ ತೋರಿಸುತ್ತಿವೆ ಅಂತ. ಆಗ ತಡಮಾಡದೆ ಡಾಕ್ಟರ ಹತ್ತಿರ ಮುಂದಿನ ದಾರಿ ಮಾತಾಡಬೇಕು.

ಜಗಳೂರಿನ ನಮ್ಮ ದೊಡ್ಡಮ್ಮನಿಗೆ 61 ವರ್ಷ. ಮುಟ್ಟು ನಿಂತು ಹತ್ತು ವರ್ಷದ ಮೇಲೆ ರಕ್ತ ಕಂಡಿತು. ಐದು ತಿಂಗಳು ಯಾರಿಗೂ ಹೇಳಲಿಲ್ಲ. ನನ್ನ ಆಪರೇಷನ್ ಸುದ್ದಿ ಕೇಳಿದ ಮೇಲೆ, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ, “ನನಗೂ ಹಂಗೇ ಆಗೈತೆ ಕಣವ್ವ” ಅಂದರು. ಅವರಿಗೂ ಪಾಲಿಪ್ ಇತ್ತು. ಹಿಸ್ಟರೋಸ್ಕೋಪಿಯಲ್ಲೇ ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟಿನಲ್ಲಿ ಅಟಿಪಿಯಾ ಇತ್ತು. ಅವರಿಗೆ ಗರ್ಭಕೋಶ ತೆಗೆಯಬೇಕು ಎಂದರು, ತೆಗೆದರು, ಅದು ಸರಿಯಾದ ತೀರ್ಮಾನವೇ. ಈಗ ಚೆನ್ನಾಗಿದ್ದಾರೆ. ನನ್ನ ಗರ್ಭಕೋಶ ಉಳಿದದ್ದಕ್ಕೂ ಅವರದ್ದು ತೆಗೆದದ್ದಕ್ಕೂ ಕೈಯಲ್ಲಿದ್ದ ಲ್ಯಾಬಿನ ಕಾಗದವೇ ಆಧಾರ.

ಆಮೇಲೆ

ಪಾಲಿಪ್ ಕೆಲವರಿಗೆ ಮತ್ತೆ ಬೆಳೆಯುತ್ತದೆ. ಬುಡದಿಂದ ತೆಗೆದಿದ್ದರೆ ಆ ಸಾಧ್ಯತೆ ಕಡಿಮೆ. ತೂಕ ಜಾಸ್ತಿ ಇದ್ದರೆ ಇಳಿಸುವುದು ಒಳ್ಳೆಯದು, ಏಕೆಂದರೆ ಮೈಯ ಕೊಬ್ಬಿನಲ್ಲೂ ಈಸ್ಟ್ರೋಜನ್ ಹಾರ್ಮೋನ್ ತಯಾರಾಗುತ್ತದೆ, ಒಳಪದರವನ್ನು ಬೆಳೆಸುವುದು ಅದೇ. ಪದೇ ಪದೇ ಬರುವವರಿಗೆ ಹಾರ್ಮೋನ್ ಇರುವ ಮಿರೆನಾ ತರಹದ ಸಾಧನವನ್ನು ಗರ್ಭಕೋಶದೊಳಗೆ ಇಡುವ ಸಲಹೆ ಕೊಡುವುದುಂಟು. ಮಗುವಿಗೆ ಕಾಯುತ್ತಿರುವವರು ಎಷ್ಟು ದಿನ ಬಿಟ್ಟು ಪ್ರಯತ್ನಿಸಬಹುದು ಅಂತ ಕೇಳಿ. ಸಾಮಾನ್ಯವಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ, ಒಂದು ಮುಟ್ಟು ಆದ ಮೇಲೆ ಶುರು ಮಾಡಬಹುದು.

ಎರಡೂ ಸ್ಕ್ಯಾನ್, ಡಿಸ್ಚಾರ್ಜ್ ಚೀಟಿ, ಲ್ಯಾಬ್ ರಿಪೋರ್ಟ್ ಎಲ್ಲ ಒಂದೇ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ, ಫೋನಿನಲ್ಲಿ ಫೋಟೋನೂ ತೆಗೆದಿಡಿ. ಮತ್ತೆ ಎಂದಾದರೂ ತಿಂಗಳ ನಡುವೆ ರಕ್ತ ಕಂಡರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಟ್ಟು ಮುಗಿದ ವಾರದಲ್ಲಿ ಆ ಕವರ್ ತೆಗೆದುಕೊಂಡು ಸ್ಕ್ಯಾನಿಗೆ ಹೋಗಿ.